ತಲೆನೋವಿಗೂ ಒಂದು ಲೆಕ್ಕದ ಪುಸ್ತಕ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ಮಾಹಿತಿ ಅವಧಿಯಲ್ಲಿ ಸಿಸ್ಟರ್ ಆಡಿದ ಮಾತುಗಳ ಬರಹ ರೂಪ)



ಇವತ್ತು ತಲೆನೋವಿನ ಬಗ್ಗೆ ಮಾತಾಡುವ ಎಂದು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಮನೆಯಲ್ಲಿರುವ ತಲೆನೋವು ಸಾಕಾಗ್ಲಿಲ್ಲವಾ ಸಿಸ್ಟರ್, ಇಲ್ಲಿಯೂ ಅದೇ ಎಂತಕ್ಕೆ?" ನಗಬೇಕಾದ ಮಾತೇ. ನಮ್ಮಲ್ಲಿ ತಲೆನೋವು ಅಂದರೆ ಕಾಯಿಲೆಗಿಂತ ಹೆಚ್ಚಾಗಿ ಕಿರಿಕಿರಿಯ ಹೆಸರು. ಕಂತು ಕಟ್ಟದ ಸದಸ್ಯೆ ಒಂದು ತಲೆನೋವು, ಕುಡಿದು ಬರುವ ಗಂಡ ಒಂದು ತಲೆನೋವು, ಬ್ಯಾಂಕಿನ ಕಾಗದಪತ್ರ ಇನ್ನೊಂದು ತಲೆನೋವು. ಹೀಗೆ ಸಿಕ್ಕಿದ್ದಕ್ಕೆಲ್ಲ ಆ ಹೆಸರು ಇಟ್ಟು ಇಟ್ಟು, ನಿಜವಾಗಿ ತಲೆ ನೋಯುವವಳು ಬಾಯಿ ಬಿಟ್ಟರೆ ಕೇಳುವವರೇ ಇಲ್ಲದ ಹಾಗಾಗಿದೆ. ಹೆಚ್ಚೆಂದರೆ "ಮುಲಾಮು ಹಚ್ಚಿಕೋ" ಅನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದು, "ಕೆಲಸ ತಪ್ಪಿಸಲಿಕ್ಕೆ ನೆಪ" ಅನ್ನುತ್ತಾರೆ.

ಇದನ್ನು ಬೇರೆಯವರ ಮೇಲೆ ಹೊರಿಸಿ ಹೇಳಲಿಕ್ಕೆ ನಾವು ನಿಂತಿಲ್ಲ. ನಾವೇ ಮಾಡಿದ ತಪ್ಪು ಒಂದುಂಟು. ಅದನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಕಾರ್ಯಕ್ಷೇತ್ರದ ಒಂದು ಸಂಘ, ಊರಿನ ಹೆಸರು ಬೇಡ. ಹದಿನಾಲ್ಕು ಸದಸ್ಯೆಯರು, ಸೋಮವಾರ ಸಂಜೆ ಸಭೆ. ಅದರಲ್ಲಿ ಒಬ್ಬರು ಬೀಡಿ ಕಟ್ಟುವವರು, ವಯಸ್ಸು ನಲವತ್ತರ ಆಸುಪಾಸು. ಉಳಿತಾಯದ ಹಣ ಒಂದು ವಾರವೂ ತಪ್ಪಿಸಿದವರಲ್ಲ, ಮಗಳ ಕೈಯಲ್ಲಾದರೂ ಕಳಿಸುತ್ತಿದ್ದರು. ಆದರೆ ಸಭೆಗೆ ಒಂದು ವಾರ ಬಂದರೆ ಮುಂದಿನ ವಾರ ಇಲ್ಲ. ಸಂಘದ ನಿಯಮದಂತೆ ಗೈರುಹಾಜರಿಗೆ 10 ರೂಪಾಯಿ ದಂಡ, ಅದನ್ನೂ ತಕರಾರಿಲ್ಲದೆ ಕಟ್ಟುತ್ತಿದ್ದರು. ಮನೆಯ ಹಂಚು ಬದಲಿಸಲಿಕ್ಕೆ ಸಾಲ ಕೇಳಿದಾಗ ಮಾತ್ರ ಸಂಘದವರು ಒಗ್ಗಲಿಲ್ಲ. "ಸಭೆಗೇ ಬಾರದವರಿಗೆ ಸಾಲ ಎಂತಕ್ಕೆ?" ಎಂದು ಅರ್ಜಿ ಮುಂದೂಡಿ ನಡಾವಳಿ ಬರೆದರು. ವರ್ಷದ ಮೌಲ್ಯಮಾಪನಕ್ಕೆ ಹೋದ ನಾವು ಹಾಜರಿ ಪುಸ್ತಕ ನೋಡಿ ಆಕೆಯ ಹೆಸರಿನ ಎದುರು "ಆಸಕ್ತಿ ಕಡಿಮೆ" ಎಂದು ಷರಾ ಬರೆದೆವು. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಓದಿದವರು ನಾವು. ಮನೆಭೇಟಿ ಮಾಡದೆ ಷರಾ ಬರೆಯಬಾರದು ಎಂಬುದು ಅಲ್ಲಿ ಮೊದಲ ವರ್ಷದ ಪಾಠ. ಆ ದಿನ ಅದು ನೆನಪಾಗಲಿಲ್ಲ.

ಎರಡು ತಿಂಗಳ ನಂತರ ಬೇರೆ ಯಾವುದೋ ಕೆಲಸಕ್ಕೆ ಆ ಓಣಿಯಲ್ಲಿ ಹೋಗುವಾಗ ಅವರ ಮನೆಗೆ ಹೊಕ್ಕೆವು. ಬೆಳಿಗ್ಗೆ ಹನ್ನೊಂದು ಗಂಟೆ. ಕಿಟಕಿಗೆ ಸೀರೆ ಕಟ್ಟಿ ಕತ್ತಲು ಮಾಡಿದ್ದರು. ಆಕೆ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಪಕ್ಕದಲ್ಲಿ ವಾಂತಿಗೆ ಇಟ್ಟ ಬಕೆಟ್. ಕತ್ತರಿಸಿದ ಬೀಡಿ ಎಲೆ ಮೊರದಲ್ಲಿ ಹಾಗೆಯೇ ಒಣಗುತ್ತಿತ್ತು. ನಮ್ಮನ್ನು ನೋಡಿ ಏಳಲು ಹೋದರು. "ಎಂತದ್ದೂ ಇಲ್ಲ ಸಿಸ್ಟರ್, ಸ್ವಲ್ಪ ತಲೆನೋವು ಅಷ್ಟೆ. ಸಂಜೆಗೆ ಸರಿಯಾಗ್ತದೆ" ಅಂದರು.

ಎಷ್ಟು ವರ್ಷದಿಂದ ಎಂದು ಕೇಳಿದೆವು. ಮಗಳು ಹುಟ್ಟುವ ಮೊದಲಿಂದಲೂ ಉಂಟಂತೆ. ಮಗಳು ಆಗ ಏಳನೇ ಕ್ಲಾಸು. ಡಾಕ್ಟರಿಗೆ ತೋರಿಸಿದ್ದೀರಾ? ತೋರಿಸಿದ್ದಾರೆ. "ತಿಂಗಳಿಗೆ ಎಷ್ಟು ಸಲ ಬರ್ತದೆ?" ಎಂದು ಡಾಕ್ಟರು ಕೇಳಿದರಂತೆ. ಇವರು "ಆಗಾಗ" ಎಂದರಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದೇ ಚೀಟಿ ಹಿಡಿದು ಅಂಗಡಿಯಿಂದ ವರ್ಷಗಟ್ಟಲೆ ಮಾತ್ರೆ ತಂದದ್ದಾಯಿತು.

"ಆಗಾಗ" ಎಂದರೆ ಎಷ್ಟು? ತಿಂಗಳಿಗೆ ಎರಡಾ, ಹನ್ನೆರಡಾ? ಡಾಕ್ಟರ ಮುಂದೆ ನಿಂತ ಎರಡು ನಿಮಿಷದಲ್ಲಿ ಈ ಒಂದು ಶಬ್ದದಿಂದ ಅವರಿಗೆ ಏನು ಗೊತ್ತಾಗಬೇಕು? ಸಕ್ಕರೆ ಕಾಯಿಲೆ ರಕ್ತದಲ್ಲಿ ಕಾಣುತ್ತದೆ, ಬಿ.ಪಿ. ಯಂತ್ರದಲ್ಲಿ ಕಾಣುತ್ತದೆ. ಮೈಗ್ರೇನ್, ಅಂದರೆ ಅರೆತಲೆನೋವು, ರಕ್ತದಲ್ಲೂ ಕಾಣುವುದಿಲ್ಲ, ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಹೆಚ್ಚಾಗಿ ತಲೆಯ ಒಂದು ಬದಿಯಲ್ಲಿ ಧಿಂ ಧಿಂ ಎಂದು ಹೊಡೆದುಕೊಳ್ಳುವುದು, ಮೆಟ್ಟಿಲು ಹತ್ತಿದರೆ ಜೋರಾಗುವುದು, ವಾಕರಿಕೆ, ಬೆಳಕು ಮತ್ತು ಶಬ್ದ ಆಗದಿರುವುದು, ಔಷಧಿ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೆ ಇರುವುದು. ಇದನ್ನೆಲ್ಲ ರೋಗಿಯ ಬಾಯಿಂದಲೇ ತಿಳಿಯಬೇಕು. ಬಾಯಿ "ಸ್ವಲ್ಪ" ಮತ್ತು "ಆಗಾಗ" ಎರಡೇ ಶಬ್ದ ಹೇಳಿದರೆ ಚಿಕಿತ್ಸೆಯೂ ಸ್ವಲ್ಪವೇ ಸಿಗುತ್ತದೆ.

ಇದು ಒಬ್ಬಿಬ್ಬರ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಮತ್ತು ಅವರ ಸಂಗಡಿಗರು 2009ರಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಜನರನ್ನು ಕೇಳಿದರು. ಪ್ರಶ್ನೆಗಳನ್ನು ಕನ್ನಡಕ್ಕೆ ಮಾಡಿಕೊಂಡೇ ಕೇಳಿದ್ದು. ಒಂದು ವರ್ಷದೊಳಗೆ ತಲೆನೋವು ಬಂದವರು ನೂರಕ್ಕೆ ಸುಮಾರು 64 ಮಂದಿ. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ತಲೆನೋವು ಪೇಟೆಯ ಕಚೇರಿಯವರ ಕಾಯಿಲೆ ಎಂದು ನಾವು ತಿಳಿದದ್ದು ಉಲ್ಟಾ. ಲೋಕದ ಲೆಕ್ಕವೂ ಹಾಗೆಯೇ. ಜನರನ್ನು ಕೊಲ್ಲದೆ, ಆದರೆ ಬದುಕಿನ ದಿನಗಳನ್ನು ಕಿತ್ತುಕೊಳ್ಳುವ ಕಾಯಿಲೆಗಳನ್ನು 2019ರ ಜಾಗತಿಕ ರೋಗಭಾರ ಅಧ್ಯಯನದಲ್ಲಿ ಸಾಲಾಗಿ ಜೋಡಿಸಿದಾಗ ಮೈಗ್ರೇನ್ ಎರಡನೇ ಸ್ಥಾನದಲ್ಲಿತ್ತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅದಕ್ಕೇ ಮೊದಲ ಸ್ಥಾನ.

ಹಾಗಾದರೆ ಈ ಕಿತ್ತುಕೊಂಡ ದಿನಗಳನ್ನು ಅಳೆಯುವುದು ಹೇಗೆ? ಇದಕ್ಕೆ ಅಮೆರಿಕದ ಇಬ್ಬರು ತಜ್ಞರು, ವಾಲ್ಟರ್ ಸ್ಟೀವರ್ಟ್ ಮತ್ತು ರಿಚರ್ಡ್ ಲಿಪ್ಟನ್, 1990ರ ದಶಕದ ಕೊನೆಗೆ ಐದು ಪ್ರಶ್ನೆಗಳ ಒಂದು ಸಣ್ಣ ಹಾಳೆ ತಯಾರಿಸಿದರು. ಅದರ ಹೆಸರು ಮೈಡಾಸ್. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಬಳಸುತ್ತಾರೆ, ಆದರೆ ಕಷ್ಟದ್ದು ಏನೂ ಅಲ್ಲ. ನಮ್ಮ ಸಂಘದ ಲೆಡ್ಜರ್ ಬರೆಯುವವರಿಗೆ ಇದು ನೀರು ಕುಡಿದಷ್ಟು ಸುಲಭ. ಕಳೆದ ಮೂರು ತಿಂಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಲೆನೋವಿನಿಂದಾಗಿ ಕೂಲಿ ಕೆಲಸಕ್ಕೋ ಶಾಲೆಗೋ ಹೋಗಲಾಗದ ದಿನ ಎಷ್ಟು? ಹೋದರೂ ಅರ್ಧ ಅಥವಾ ಅದಕ್ಕಿಂತ ಕಡಿಮೆ ಕೆಲಸ ಆದ ದಿನ ಎಷ್ಟು? ಮನೆಗೆಲಸ ಮಾಡಲಾಗದ ದಿನ ಎಷ್ಟು? ಮನೆಗೆಲಸ ಅರ್ಧಕ್ಕೆ ಇಳಿದ ದಿನ ಎಷ್ಟು? ಮನೆಯವರ ಜೊತೆಗಿನ ಕಾರ್ಯಕ್ರಮ, ನೆಂಟರ ಮನೆ, ಊರಿನ ಸಮಾರಂಭ ಇಂಥವು ತಪ್ಪಿದ ದಿನ ಎಷ್ಟು? ಮೊದಲ ಪ್ರಶ್ನೆಯಲ್ಲಿ ಲೆಕ್ಕ ಹಾಕಿದ ದಿನವನ್ನು ಎರಡನೆಯದರಲ್ಲಿ ಮತ್ತೆ ಹಾಕಬಾರದು, ಮೂರನೆಯದನ್ನು ನಾಲ್ಕನೆಯದರಲ್ಲಿ ಹಾಕಬಾರದು. ಐದನ್ನೂ ಕೂಡಿಸಿ. 5ರವರೆಗೆ ಬಂದರೆ ತೊಂದರೆ ಇಲ್ಲ ಅಥವಾ ತೀರ ಕಡಿಮೆ. 6ರಿಂದ 10 ಸ್ವಲ್ಪ ತೊಂದರೆ. 11ರಿಂದ 20 ಮಧ್ಯಮ. 21 ಅಥವಾ ಹೆಚ್ಚು ಬಂದರೆ ತೀವ್ರ. ಇದರ ಜೊತೆಗೆ ಒಟ್ಟು ಎಷ್ಟು ದಿನ ತಲೆ ನೋಯಿತು, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಬೇರೆಯಾಗಿ ಬರೆಯಬೇಕು. ಅವೆರಡನ್ನು ಕೂಡಿಸಲಿಕ್ಕಿಲ್ಲ.

ಇದರಲ್ಲಿ ನಮಗೆ ತುಂಬಾ ಹಿಡಿಸಿದ ಸಂಗತಿ ಒಂದುಂಟು. ಮನೆಗೆಲಸಕ್ಕೆ ಎರಡು ಪ್ರಶ್ನೆ ಇಟ್ಟಿದ್ದಾರೆ, ಕೂಲಿ ಕೆಲಸಕ್ಕೂ ಎರಡು ಪ್ರಶ್ನೆ. ಸರಿಸಮ. ಒಂದೇ ದಿನ ಬೀಡಿಯೂ ಕಟ್ಟಲಾಗಲಿಲ್ಲ, ಮನೆಗೆಲಸವೂ ಆಗಲಿಲ್ಲ ಅಂದರೆ ಆ ದಿನ ಎರಡು ಕಡೆಯೂ ಲೆಕ್ಕಕ್ಕೆ ಬರುತ್ತದೆ. ಅದು ತಪ್ಪಲ್ಲ, ಆಕೆ ಮಾಡುವುದು ಎರಡು ಕೆಲಸವೇ ಅಲ್ಲವಾ? ಜನಗಣತಿಯವರು ಬಂದಾಗ "ಏನು ಕೆಲಸ?" ಎಂದರೆ "ಮನೆಯಲ್ಲಿದ್ದೇನೆ" ಎನ್ನುವ ನಮಗೆ ಇಂಥ ಲೆಕ್ಕ ಹೊಸತು.

ಆ ಸದಸ್ಯೆಯ ಹತ್ತಿರ ಈ ಹಾಳೆ ಹಿಡಿದು ಕೂತೆವು. ಮೊದಲ ಸಲ ಕೇಳಿದಾಗ ಬಂದ ಉತ್ತರ: ಕೂಲಿ ತಪ್ಪಿದ್ದು ಎರಡೋ ಮೂರೋ ದಿನ, ಮನೆಗೆಲಸ ತಪ್ಪಿದ್ದು ಸೊನ್ನೆ. ಇದು ನಂಬುವ ಲೆಕ್ಕ ಅಲ್ಲ ಎಂದು ನಮಗೆ ಗೊತ್ತಾಯಿತು, ಆದರೆ ಆಕೆ ಸುಳ್ಳು ಹೇಳಿದ್ದೂ ಅಲ್ಲ. ನಮ್ಮ ಹೆಂಗಸರಿಗೆ "ಕೆಲಸ ತಪ್ಪಿತು" ಎಂದರೆ ಒಲೆಯೇ ಹಚ್ಚಲಿಲ್ಲ ಎಂದು ಅರ್ಥ. ತಲೆಗೆ ಬಟ್ಟೆ ಕಟ್ಟಿಕೊಂಡು, ನಡುವೆ ಎರಡು ಸಲ ವಾಂತಿ ಮಾಡಿ, ಗಂಜಿ ಬೇಯಿಸಿ ಉಪ್ಪಿನಕಾಯಿ ಇಟ್ಟರೆ ಅದು ತಪ್ಪಿದ ಲೆಕ್ಕಕ್ಕೆ ಬರುವುದಿಲ್ಲ! ಆದ್ದರಿಂದ ನಾವು "ಅರ್ಧ"ದ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳಬೇಕಾಯಿತು. ಪದಾರ್ಥ ಮಾಡದೆ ಬರೀ ಗಂಜಿ ಆದ ದಿನ ಎಷ್ಟು? ಬಟ್ಟೆ ನೆನೆಸಿಟ್ಟು ಒಗೆಯದೆ ಬಿಟ್ಟ ದಿನ? ನೀರು ಮಗಳು ಸೇದಿದ ದಿನ?

ಬೀಡಿಯ ಲೆಕ್ಕಕ್ಕೆ ಆಕೆಯ ನೆನಪು ಬೇಕಾಗಲಿಲ್ಲ. ಬೀಡಿ ಕೊಟ್ಟ ಪುಸ್ತಕವೇ ಇತ್ತಲ್ಲ. ಸಾಮಾನ್ಯ ದಿನಕ್ಕೆ 700ರ ಆಸುಪಾಸು ಕಟ್ಟುವವರು ಕೆಲವು ದಿನ 300, ಕೆಲವು ದಿನ 250. ಅದನ್ನು ನೋಡಿ ನೋಡಿ "ಇದು ಅಣ್ಣನ ಮಗನ ಮದುವೆಯ ಮರುದಿನ", "ಇದು ನಾನು ಮಧ್ಯಾಹ್ನದವರೆಗೆ ಏಳದ ದಿನ" ಎಂದು ಹೇಳುತ್ತಾ ಹೋದರು. ಕೊನೆಗೆ ಬಂದ ಲೆಕ್ಕ ಹೀಗೆ: ಬೀಡಿ ಮುಟ್ಟದ ದಿನ 4, ಅರ್ಧಕ್ಕಿಂತ ಕಡಿಮೆ ಆದ ದಿನ 9, ಮನೆಗೆಲಸ ಆಗದ ದಿನ 1, ಅರ್ಧ ಆದ ದಿನ 8, ಸಭೆ ಸಮಾರಂಭ ತಪ್ಪಿದ್ದು 5. ಒಟ್ಟು 27. ತಲೆ ನೋಯ್ದ ದಿನ ಮೂರು ತಿಂಗಳಲ್ಲಿ 22.

ಆಕೆ ಆ 27ನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟುಂಟಾ ಸಿಸ್ಟರ್?" ಅಂದರು. ಆಮೇಲೆ, "ಇದನ್ನು ಇವರಿಗೆ ತೋರಿಸಬಹುದಾ?" ಎಂದು ಯಜಮಾನರ ಕಡೆ ಕೈ ಮಾಡಿದರು.

ಈ ಹಾಳೆಗೆ ಸಿಗದ ಸಂಗತಿಗಳೂ ಇವೆ, ಅದನ್ನೂ ಹೇಳಬೇಕು. ನೋವಿನ ಮರುದಿನ ರಾತ್ರಿ ಹನ್ನೆರಡರವರೆಗೆ ಕೂತು ಬಿಟ್ಟುಹೋದ ಬೀಡಿ ಕಟ್ಟಿ ಮುಗಿಸುತ್ತಿದ್ದರು. ವಾರದ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಆದರೆ ಆ ನಿದ್ದೆಗೆಟ್ಟದ್ದು ಮುಂದಿನ ತಲೆನೋವಿಗೆ ಮುಂಗಡ ಕೊಟ್ಟ ಹಾಗೆ. ಇನ್ನೊಂದು, ಹೆದರಿಕೆ. ನೋವಿಲ್ಲದ ದಿನವೂ "ನಾಳೆ ಬಂದರೆ?" ಎಂದು ಯಾರಿಗೂ ಬರುತ್ತೇನೆಂದು ಮಾತು ಕೊಡದೆ ಇರುವುದು. ಮಗಳ ವಿಷಯ ನಮಗೆ ಕಡೆಗೆ ಗೊತ್ತಾಯಿತು. ಅವಳು ಬೆಳಿಗ್ಗೆ ಎದ್ದು ಮೊದಲು ನೋಡುವುದು ಅಮ್ಮನ ತಲೆಗೆ ಬಟ್ಟೆ ಕಟ್ಟಿದೆಯಾ ಎಂದು. ಕಟ್ಟಿದ್ದರೆ ಪುಸ್ತಕಕ್ಕೆ ಹಣ ಕೇಳುವುದಿಲ್ಲ, ಶಾಲೆಯ ಪೋಷಕರ ಸಭೆಯ ಚೀಟಿ ತೋರಿಸುವುದಿಲ್ಲ. ಹನ್ನೆರಡು ವರ್ಷದ ಹುಡುಗಿ. ಇದಕ್ಕೆ ಎಷ್ಟು ಅಂಕ ಹಾಕುವುದು?

ತಜ್ಞರಿಗೂ ಇದು ಗೊತ್ತಿಲ್ಲದ್ದಲ್ಲ. ಹಿಟ್-6 ಎಂಬ ಆರು ಪ್ರಶ್ನೆಗಳ ಇನ್ನೊಂದು ಹಾಳೆ ಉಂಟು. ಅದು ದಿನ ಎಣಿಸುವುದಿಲ್ಲ, ಮನಸ್ಸನ್ನು ಕೇಳುತ್ತದೆ. ತಲೆನೋವು ಬಂದಾಗ ಮಲಗಿಬಿಡೋಣ ಅನಿಸುತ್ತದಾ? ನಾಲ್ಕು ವಾರದಲ್ಲಿ ಸಾಕಪ್ಪಾ ಸಾಕು ಅನಿಸಿದೆಯಾ, ಸಿಡಿಮಿಡಿ ಆಗಿದೆಯಾ? "ಇಲ್ಲವೇ ಇಲ್ಲ" ಎಂಬುದರಿಂದ "ಯಾವಾಗಲೂ" ಎಂಬವರೆಗೆ ಉತ್ತರ. ಮೊತ್ತ 36ರಿಂದ 78ರ ನಡುವೆ ಬರುತ್ತದೆ, 60 ಅಥವಾ ಹೆಚ್ಚು ಬಂದರೆ ತೀವ್ರ. ಮಲಗುವ ಪ್ರಶ್ನೆ ಕೇಳಿದಾಗ ಒಂದು ಸಂಘದಲ್ಲಿ ಹಿರಿಯರೊಬ್ಬರು, "ಮಲಗಬೇಕು ಅನಿಸುವುದು ಉಂಟು, ಮಲಗಲಿಕ್ಕೆ ಬಿಡುವವರು ಯಾರು ಮಾರಾಯ್ತಿ?" ಎಂದರು. ನಿಮ್ಹಾನ್ಸ್‌ನವರು ಹಳ್ಳಿಗಳಲ್ಲಿ ಬಳಸಿದ್ದು ಹಾರ್ಡ್‌ಶಿಪ್ ಎಂಬ ಉದ್ದದ ಪ್ರಶ್ನಾವಳಿ. ಅದರಲ್ಲಿ ತಪ್ಪಿದ ದಿನಗಳ ಜೊತೆಗೆ ಬದುಕಿನ ಗುಣಮಟ್ಟದ ಎಂಟು ಪ್ರಶ್ನೆಗಳೂ ಇವೆ. ಮೈಯಲ್ಲಿ ತ್ರಾಣ ಉಂಟಾ, ನಿಮ್ಮ ಬಗ್ಗೆ ನಿಮಗೆ ಸಮಾಧಾನ ಉಂಟಾ, ಮನೆಯವರ ಜೊತೆ ಸಂಬಂಧ ಹೇಗಿದೆ, ಕೈಯಲ್ಲಿ ಹಣ ಸಾಕಾಗುತ್ತದಾ ಎಂದೆಲ್ಲ. ನಮ್ಮ ಸಂಘಗಳಿಗೆ ಅಷ್ಟು ಉದ್ದದ್ದು ಬೇಡ. ಐದು ಪ್ರಶ್ನೆಯೇ ಸಾಕು, ಉಳಿದದ್ದನ್ನು ಕೂತು ಮಾತಾಡುವ.

ಮಾತ್ರೆಯ ಲೆಕ್ಕ ಮಾತ್ರ ಬಿಡಬಾರದು. ಆಕೆ ತಿಂಗಳಿಗೆ 16–17 ದಿನ ಅಂಗಡಿ ಮಾತ್ರೆ ನುಂಗುತ್ತಿದ್ದರು, ನೋವಿಲ್ಲದ ದಿನವೂ "ಬಂದೀತು" ಎಂದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಇಂಥ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಯನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳು ದಾಟಿ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚುವ ಅಪಾಯ ಉಂಟು. ಬಡ್ಡಿ ಕಟ್ಟಲಿಕ್ಕೆ ಮತ್ತೆ ಸಾಲ ಮಾಡಿದ ಹಾಗೆ ಎಂದರೆ ನಿಮಗೆ ಬೇಗ ಅರ್ಥ ಆಗುತ್ತದೆ. ಅದಕ್ಕೇ ಪುಸ್ತಕದಲ್ಲಿ ಮಾತ್ರೆ ತಗೊಂಡ ದಿನಕ್ಕೆ ಬೇರೆ ಗುರುತು ಹಾಕಿ. ಹಿಂದಿನ ದಿನ ಏನಾಗಿತ್ತು ಎಂದೂ ಒಂದು ಶಬ್ದ ಬರೆಯಿರಿ: ಬಿಸಿಲು, ಉಪವಾಸ, ನಿದ್ದೆ ಇಲ್ಲ, ಮುಟ್ಟು, ತಲೆಗೆ ಸ್ನಾನ. ತಲೆಸ್ನಾನ ಎಂದರೆ ನಗಬೇಡಿ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನ ಮಾಡಿದರೆ ಮೈಗ್ರೇನ್ ಬರುವ 94 ರೋಗಿಗಳ ವಿಷಯವನ್ನು 2006ರಲ್ಲಿ ಹೊರದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದೇ.

ಒಂದು ಎಚ್ಚರಿಕೆ. ಕೆಲವು ತಲೆನೋವಿಗೆ ಪುಸ್ತಕ ಬರೆಯುತ್ತಾ ಕೂರಬಾರದು. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಫಿಟ್ಸ್, ತಲೆಗೆ ಪೆಟ್ಟಾದ ಮೇಲೆ ಬಂದ ನೋವು, ಐವತ್ತು ದಾಟಿದ ಮೇಲೆ ಹೊಸತಾಗಿ ಶುರುವಾದದ್ದು, ಇವನ್ನು ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಜೋರಾಗಿದ್ದರೆ 108ಕ್ಕೆ ಫೋನ್ ಮಾಡಿ. ಬಸುರಿ, ಬಾಣಂತಿಯರಲ್ಲಿ ಬಿಡದೆ ಕಾಡುವ ತಲೆನೋವನ್ನು ಎಂದೂ ಹಗುರ ಮಾಡಬೇಡಿ. ಬಿ.ಪಿ. ಏರಿರಬಹುದು, ಹೆರಿಗೆಯ ನಂತರ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಾಣಂತಿಗೆ ನೀರು ಕೊಡದೆ ಒಣಗಿಸುವ ಕ್ರಮ ಇನ್ನೂ ಕೆಲವು ಮನೆಯಲ್ಲುಂಟು, ಅದನ್ನು ಬಿಡಬೇಕು.

ಆ ಸದಸ್ಯೆ ಹಾಳೆ ಹಿಡಿದು ಆಸ್ಪತ್ರೆಗೆ ಹೋದರು, ನಾವೂ ಜೊತೆಗೆ ಹೋದೆವು. ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು, ಬಿ.ಪಿ. ನೋಡಿದರು, ಕಣ್ಣಿಗೆ ಟಾರ್ಚ್ ಹಾಕಿ ಪರೀಕ್ಷೆ ಮಾಡಿದರು. ಅಂಗಡಿ ಮಾತ್ರೆ ಕಡಿಮೆ ಮಾಡಲಿಕ್ಕೆ ಹೇಳಿ, ನೋವು ಬಾರದ ಹಾಗೆ ದಿನಾಲೂ ತೆಗೆದುಕೊಳ್ಳುವ ಬೇರೆ ಔಷಧಿ ಬರೆದರು. ಇಂಥ ಔಷಧಿ ಇರುವುದೇ ಇಷ್ಟು ವರ್ಷ ಆಕೆಗೆ ಗೊತ್ತಿರಲಿಲ್ಲ. ಯಾವ ಔಷಧಿ ಎಂದು ನಾವು ಇಲ್ಲಿ ಹೇಳುವುದಿಲ್ಲ, ಯಾಕೆಂದರೆ ಮನೆಗೆ ಹೋಗಿ ನೆರೆಯವರ ಮಾತ್ರೆ ನುಂಗುವವರು ನಮ್ಮಲ್ಲಿದ್ದಾರೆ. ಒಬ್ಬರಿಗೆ ಆಗುವುದು ಅಸ್ತಮಾ ಇರುವ ಇನ್ನೊಬ್ಬರಿಗೆ ಅಪಾಯ. ರಾಜ್ಯ ಸರಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಕ್ಲಿನಿಕ್ ಯಾವ ದಿನ ಎಂದು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ.

ಮೂರು ತಿಂಗಳು ಕಳೆದು ಮತ್ತೆ ಎಣಿಸಿದಾಗ 27 ಇದ್ದದ್ದು 12 ಆಗಿತ್ತು. ಪೂರ್ತಿ ಗುಣವಾಯಿತು ಎಂದು ಹೇಳಲಾರೆವು, 12 ಅಂದರೂ ಮಧ್ಯಮವೇ. ಈಗಲೂ ಕೆಲವು ಸೋಮವಾರ ಬರುವುದಿಲ್ಲ.

ಸಂಘದಲ್ಲಿ ಆ ಹಾಳೆ ಓದಿ ಹೇಳಿದ ದಿನ ದೊಡ್ಡ ಚರ್ಚೆಯೇ ಆಯಿತು. ಪುಸ್ತಕದಲ್ಲಿ ಬರೆದ ತಲೆನೋವಿನ ದಿನಕ್ಕೆ ದಂಡ ಹಾಕುವುದು ಬೇಡ ಎಂದು ಒಬ್ಬರು ಸೂಚಿಸಿದರು. "ಹಾಗಾದರೆ ನಾಳೆಯಿಂದ ಎಲ್ಲರಿಗೂ ಸೋಮವಾರವೇ ತಲೆನೋವು" ಎಂದು ಇನ್ನೊಬ್ಬರು. ಅವರ ಮಾತಲ್ಲಿ ಅರ್ಥ ಇಲ್ಲದೆ ಇಲ್ಲ. ಕೊನೆಗೆ, ಗೈರುಹಾಜರಾದವರ ಮನೆಗೆ ಮರುದಿನ ಇಬ್ಬರು ಹೋಗಿ ನೋಡಿ ಬಂದು ದಂಡ ತೀರ್ಮಾನಿಸುವುದು ಎಂದು ನಡಾವಳಿ ಬರೆದರು. ಹಂಚಿನ ಸಾಲವೂ ಮಂಜೂರಾಯಿತು. ನಾವು ನಮ್ಮ ಷರಾ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದೆವು. ಆ ಸಂಘದಲ್ಲಿ ಈಗ ತಲೆನೋವಿನ ಪುಸ್ತಕ ಇಟ್ಟವರು ಒಬ್ಬರಲ್ಲ, ನಾಲ್ವರು. ಉಳಿದ ಮೂವರು ಅದುವರೆಗೆ ಬಾಯಿ ಬಿಟ್ಟವರೇ ಅಲ್ಲ.

ಬರೆಯಲು ಬಾರದವರು ಹಿಂಜರಿಯಬೇಡಿ. ಗೋಡೆಯ ಕ್ಯಾಲೆಂಡರ್ ಸಾಕು. ಕೆಲಸವೇ ಆಗದ ದಿನಕ್ಕೆ ಉದ್ದ ಗೀಟು, ಅರ್ಧ ಆದ ದಿನಕ್ಕೆ ಗಿಡ್ಡ ಗೀಟು, ಮಾತ್ರೆ ನುಂಗಿದ್ದಕ್ಕೆ ಒಂದು ಚುಕ್ಕೆ. ಬೀಡಿ, ಹೊಲಿಗೆ, ಕೂಲಿಯದ್ದು ನೀಲಿ ಪೆನ್ನಿನಲ್ಲಿ, ಮನೆಗೆಲಸದ್ದು ಕೆಂಪು ಪೆನ್ನಿನಲ್ಲಿ. ಗೀಟು ಅದೇ ದಿನ ಸಂಜೆ ಹಾಕಿ, ವಾರ ಕಳೆದರೆ ಮರೆತುಹೋಗುತ್ತದೆ. ತಿಂಗಳು ಮುಗಿದ ಹಾಳೆಯನ್ನು ಹರಿದು ಒಲೆಗೆ ಹಾಕಬೇಡಿ, ಮೂರು ಹಾಳೆ ಸೇರಿಸಿ ಪಿನ್ ಹೊಡೆದು ಇಡಿ. ಐದು ಪ್ರಶ್ನೆಗಳನ್ನು ಅಚ್ಚು ಹಾಕಿದ ಹಾಳೆ ಬಾಗಿಲ ಹತ್ತಿರದ ಮೇಜಿನ ಮೇಲುಂಟು. ಸಂಘಕ್ಕೆ ಎರಡರಂತೆ ಪ್ರತಿನಿಧಿಗಳು ತೆಗೆದುಕೊಂಡು ಹೋಗಿ, ಹೆಚ್ಚು ಬೇಕಾದರೆ ಕಾರ್ಯಕರ್ತೆಯಲ್ಲಿ ಹೇಳಿ.